ಗುಡ್ಡೆಯ ಹಿಂದೆ ಹೋದವಳು

ಚಿಕ್ಕವಳ ಮೇಲೆ ಬಿದ್ದಿದ್ದ ಕಲ್ಲುಗಳನ್ನು ಎತ್ತಿಹಾಕಿದ ಮೇಲೆ ದೊಡ್ಡವಳು ಮೊದಲು ಮಾಡಿದ್ದು ಅವಳ ಬಟ್ಟೆಯನ್ನು ಕೆಳಕ್ಕೆಳೆದು ಕಾಲು ಮುಚ್ಚಿದ್ದು. ಉಸಿರಿದೆಯೇ ಎಂದು ನೋಡಿದ್ದು ಆಮೇಲೆ. ಉಸಿರು ಇರಲಿಲ್ಲ. ಗಂಡಸರು ಬೂಟಿನ ಸದ್ದು ಮಾಡುತ್ತಾ ಓಡಿ ಬರುತ್ತಿದ್ದರು. ಅವರು ಬರುವಷ್ಟರಲ್ಲಿ ಹೆಣದ ಮಾನ ಮುಚ್ಚಿಯಾಗಿತ್ತು.

ಹಾಗೆ ಮುಚ್ಚಿದ್ದೇ ತಪ್ಪಾಯಿತು ಎಂದು ಅವಳಿಗೆ ಗೊತ್ತಾದದ್ದು ಮೂರು ದಿನ ಕಳೆದ ಮೇಲೆ.

ಅವರಿಬ್ಬರೂ ವಾರಗಿತ್ತಿಯರು. ಅಣ್ಣನನ್ನು ಕಟ್ಟಿಕೊಂಡವಳು ದೊಡ್ಡವಳು, ತಮ್ಮನನ್ನು ಕಟ್ಟಿಕೊಂಡವಳು ಚಿಕ್ಕವಳು. ಮನೆಯಲ್ಲಿ ಕರೆಯುತ್ತಿದ್ದ ಹಾಗೇ ಗಣಿಯಲ್ಲೂ ಎಲ್ಲರೂ ಕರೆದರು. ಒಂದೇ ಗೋಡೆಯ ಆಚೆ ಈಚೆ ವಾಸ. ಒಲೆ ಎರಡು, ನಲ್ಲಿ ಒಂದು. ಬೆಳಗ್ಗೆ ನಲ್ಲಿಯ ಮುಂದೆ ಕೊಡ ಇಡುವುದಕ್ಕೆ ಬಾಯಿಗೆ ಬಂದಂತೆ ಬೈದಾಡಿಕೊಂಡು, ಅರ್ಧ ಗಂಟೆಯಲ್ಲಿ ಒಂದೇ ಟ್ರಕ್ಕಿನ ಹಿಂಬದಿಯಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಕೆಲಸಕ್ಕೆ ಹೋಗುವವರು.

ಅದು ಕಲ್ಲಿದ್ದಲಿನ ತೆರೆದ ಗಣಿ. ಸುರಂಗ ಗಿರಂಗ ಏನೂ ಇಲ್ಲ. ಮೇಲಿನ ಮಣ್ಣು ಕೆರೆದು ತೆಗೆ, ಮಣ್ಣಿನ ಕೆಳಗಿನ ಬಂಡೆ ಸಿಡಿಸು, ಸಿಡಿದದ್ದನ್ನು ಸಾಗಿಸು, ಅದರ ಕೆಳಗೆ ಇದ್ದಲು ಸಿಕ್ಕಿದರೆ ಬಾಚಿಕೋ. ಮತ್ತೆ ಕೆಳಕ್ಕೆ ಹೋಗು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಇಳಿದು ಗಣಿ ಒಂದು ಊರು ಹಿಡಿಸುವಷ್ಟು ಅಗಲವಾಗಿತ್ತು. ಒಂದೊಂದು ಮೆಟ್ಟಿಲೂ ಆರಾಳೆತ್ತರ. ಮೇಲಿನ ಅಂಚಿನಲ್ಲಿ ನಿಂತು ನೋಡಿದರೆ ಕೆಳಗೆ ಕಲ್ಲು ಸಾಗಿಸುವ ಡಂಪರು ಲಾರಿ ಬೆಂಕಿಪೊಟ್ಟಣ. ಹತ್ತಿರ ಹೋದರೆ ಅದರ ಚಕ್ರವೇ ಇಬ್ಬರನ್ನು ಒಬ್ಬರ ಮೇಲೊಬ್ಬರು ನಿಲ್ಲಿಸಿದಷ್ಟು.

ಹೆಂಗಸರ ಕೆಲಸ ಕುಳಿಗೆ ಬಾಯಿ ಕಟ್ಟುವುದು. ಕೊರೆಯುವ ಯಂತ್ರ ಬಂಡೆಯಲ್ಲಿ ಸಾಲುಸಾಲಾಗಿ ಕುಳಿ ತೋಡಿಕೊಂಡು ಹೋಗುತ್ತದೆ. ಒಂದು ಗೇಣು ಅಗಲ, ಬಾವಿಯಷ್ಟು ಆಳ. ಹಿಂದಿನಿಂದ ಮದ್ದಿನ ಟ್ಯಾಂಕರ್ ಬಂದು ಗಂಜಿಯಂಥ ಬಿಳಿ ಮದ್ದನ್ನು ಕುಳಿಯೊಳಕ್ಕೆ ಬಿಡುತ್ತದೆ. ಮೇಲಿನ ಭಾಗ ಖಾಲಿ ಉಳಿಯುತ್ತದೆ. ಅದಕ್ಕೆ ಕೊರೆದ ಕಲ್ಲುಪುಡಿಯನ್ನು ಚೀಲದಲ್ಲಿ ಹೊತ್ತು ತಂದು ಸುರಿದು, ಮರದ ಕೋಲಿನಿಂದ ಜಡಿದು ಜಡಿದು ಮುಚ್ಚಬೇಕು. ಕಬ್ಬಿಣ ಮುಟ್ಟಿಸುವ ಹಾಗಿಲ್ಲ. ಕಿಡಿ ಹಾರಿದರೆ ಎಲ್ಲರೂ ಚೂರು. ಬಾಯಿ ಸಡಿಲವಾಗಿ ಕಟ್ಟಿದರೆ ಮದ್ದಿನ ಬಲವೆಲ್ಲ ಮೇಲಕ್ಕೆ ಹಾರಿಹೋಗುತ್ತದೆ, ಬಂಡೆ ಒಡೆಯುವುದಿಲ್ಲ, ಕಲ್ಲು ಮಾತ್ರ ಅರ್ಧ ಮೈಲಿ ಹಾರುತ್ತದೆ. ಒಬ್ಬೊಬ್ಬಳಿಗೆ ದಿನಕ್ಕೆ ಇಪ್ಪತ್ತು ಕುಳಿ. ಸಂಜೆಗೆ ಅಂಗೈ ಸುಲಿದಿರುತ್ತಿತ್ತು. ಮೂಗು ಸೀನಿದರೆ ಕಪ್ಪು. ಉಗುಳಿದರೆ ಕಪ್ಪು.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದ್ದು ಇನ್ನೊಂದಿತ್ತು.

ಗಣಿಯ ತಳದಲ್ಲಿ ಕಕ್ಕಸು ಇರಲಿಲ್ಲ. ಮೇಲೆ ಆಫೀಸಿನ ಹಿಂದೆ ಇತ್ತು, ಖಾಯಂ ನೌಕರರಿಗೆ. ಅಲ್ಲಿಗೆ ಹತ್ತಿ ಇಳಿಯಲು ಒಂದೂವರೆ ಗಂಟೆ ಬೇಕು. ಹತ್ತಿದರೂ ಗುತ್ತಿಗೆಯ ಹೆಂಗಸರನ್ನು ಕಾವಲಿನವನು ಒಳಗೆ ಬಿಡುವುದಿಲ್ಲ. ಗಂಡಸರು ಡಂಪರಿನ ಚಕ್ರದ ಮರೆಗೆ ನಿಂತು ಮುಗಿಸುತ್ತಿದ್ದರು. ಹೆಂಗಸರು ಬೆಳಗ್ಗೆಯಿಂದ ನೀರು ಕುಡಿಯುತ್ತಿರಲಿಲ್ಲ. ಉರಿಬಿಸಿಲು, ಬಂಡೆಯ ಕಾವು, ಬಾಯಲ್ಲಿ ಪುಡಿ. ಆದರೂ ಕುಡಿಯುತ್ತಿರಲಿಲ್ಲ. ಎಲ್ಲರಿಗೂ ಉರಿಮೂತ್ರ. ಮುಟ್ಟಿನ ದಿನಗಳಲ್ಲಿ ಬಟ್ಟೆ ನೆಂದು ತೊಡೆ ಸವೆದು ಹುಣ್ಣಾಗುತ್ತಿತ್ತು. ತೀರಾ ಆಗದಿದ್ದಾಗ ಇಬ್ಬಿಬ್ಬರು ಸೇರಿ ಮಣ್ಣುಗುಡ್ಡೆಯ ಹಿಂದಕ್ಕೆ ಹೋಗುತ್ತಿದ್ದರು. ಬಂಡೆಯಿಂದ ಸಿಡಿದ ಕಸಕಲ್ಲನ್ನು, ಮಣ್ಣನ್ನು ಡಂಪರುಗಳು ತಂದು ಸುರಿದು ಸುರಿದು ಎದ್ದ ಗುಡ್ಡೆ ಅದು. ಒಬ್ಬಳು ಕೂತರೆ ಇನ್ನೊಬ್ಬಳು ಮೇಲೆ ನೋಡುತ್ತಾ ನಿಲ್ಲುವುದು. ಡಂಪರು ಅಂಚಿಗೆ ಬಂದರೆ ಕೂಗುವುದು, ಇಬ್ಬರೂ ಓಡುವುದು. ಹಾಗೆ ಅರ್ಧಕ್ಕೆ ಎದ್ದು ಓಡಿ ಬಂದು ಹೊಟ್ಟೆ ಹಿಡಿದುಕೊಂಡು ನಕ್ಕದ್ದೂ ಉಂಟು.

"ಅಕ್ಕಾ, ರಾಣಿಯರಿಗೂ ಇಷ್ಟು ಕಾವಲು ಇರಲ್ಲ," ಎಂದು ಚಿಕ್ಕವಳು ಹೇಳುವಳು.

ಆ ದಿನ ಮಧ್ಯಾಹ್ನ ಹನ್ನೆರಡಕ್ಕೆ ಚಿಕ್ಕವಳು ಕೋಲು ಕೆಳಗಿಟ್ಟಳು. "ಅಕ್ಕಾ, ಇನ್ನು ಆಗಲ್ಲ. ಬಾ."

ಇಬ್ಬರೂ ಹೊರಟರು. ಸಿಡಿತದ ಮೇಸ್ತ್ರಿ ಶಿಳ್ಳೆ ಊದಿದ. ಅವನು ಮಾತಿಗಿಂತ ಶಿಳ್ಳೆಯನ್ನೇ ಹೆಚ್ಚು ಊದುತ್ತಿದ್ದುದರಿಂದ ಹೆಂಗಸರು ಅವನಿಗೆ ಶಿಳ್ಳೆ ಎಂದೇ ಹೆಸರಿಟ್ಟಿದ್ದರು.

"ಏಯ್! ಎರಡು ಗಂಟೆಗೆ ಸಿಡಿಸಬೇಕು. ಇಬ್ಬರೂ ಹೋದ್ರೆ ಕುಳಿ ಯಾರು ತುಂಬ್ತಾರೆ, ನಿಮ್ಮಪ್ಪನಾ? ಒಬ್ಬಳು ಹೋಗು. ಅವಳು ಬಂದ ಮೇಲೆ ಇನ್ನೊಬ್ಬಳು."

"ಮೇಲೆ ನೋಡೋಕೆ ಯಾರಾದ್ರೂ ಬೇಕಲ್ಲಪ್ಪ," ಎಂದಳು ದೊಡ್ಡವಳು.

"ಉಚ್ಚೆ ಹೊಯ್ಯೋಕೂ ಹೆಲ್ಪರಾ?" ಎಂದ. ಕೊರೆಯುವ ಯಂತ್ರದ ಮೇಲಿದ್ದವರು ನಕ್ಕರು.

ಚಿಕ್ಕವಳು ಮುಖ ಕೆಂಪಗೆ ಮಾಡಿಕೊಂಡು, "ಬಿಡಕ್ಕ, ಹೀಗೆ ಹೋಗಿ ಹಾಗೆ ಬರ್ತೀನಿ," ಎಂದು ಖಾಲಿ ಚೀಲವನ್ನು ಮರೆಗೆ ಸೊಂಟಕ್ಕೆ ಸುತ್ತಿಕೊಂಡು ಹೋದಳು. ದೊಡ್ಡವಳು ಕೋಲು ಎತ್ತಿಕೊಂಡು ಮತ್ತೆ ಜಡಿಯತೊಡಗಿದಳು. ಮೂರನೆಯ ಕುಳಿ ಮುಗಿಯುವಾಗ ಗುಡ್ಡೆಯ ಕಡೆಯಿಂದ ಕಲ್ಲು ಉರುಳಿದ ಸದ್ದು ಬಂತು. ಅಂಥ ಸದ್ದು ಐದು ನಿಮಿಷಕ್ಕೊಂದು ಬರುತ್ತಲೇ ಇರುತ್ತದೆ. ಆದರೂ ಅವಳು ಕೋಲು ಎಸೆದು ಓಡಿದಳು.

ಗುಡ್ಡೆಯ ಅಂಚಿನಲ್ಲಿ ನಿಂತು ಡಂಪರಿಗೆ ಸನ್ನೆ ಮಾಡಬೇಕಾದವನ ಜಾಗ ಒಂದು ತಿಂಗಳಿನಿಂದ ಖಾಲಿ ಇತ್ತು. ಆ ಕೆಲಸವನ್ನೇ ತೆಗೆದುಹಾಕಿದ್ದರು. ಅಷ್ಟೆತ್ತರದ ಕ್ಯಾಬಿನಿನಲ್ಲಿ ಕೂತ ಚಾಲಕನಿಗೆ ಹಿಂದೆ ಏನೂ ಕಾಣುವುದಿಲ್ಲ. ಅವನು ಹಿಂದಕ್ಕೆ ಬಂದ, ಸುರಿದ, ಹೋದ. ಒಬ್ಬಳು ಹೆಂಗಸು ಕೆಳಗೆ ಕೂತಿದ್ದಳೆಂದು ಅವನಿಗೆ ಯಾರೋ ಹೇಳಿದ್ದು ಸಂಜೆಗೆ.

ಮಣ್ಣು ಮಾಡಿದ ಮೂರನೆಯ ದಿನ ದೊಡ್ಡವಳನ್ನೂ ಅವಳ ಮೈದುನನನ್ನೂ ಆಫೀಸಿಗೆ ಕರೆಸಿದರು. ಮೈದುನ ಎಂದರೆ ಚಿಕ್ಕವಳ ಗಂಡ. ಡಂಪರಿನ ಟೈರು ಬಿಚ್ಚುವ ಅಂಗಳದಲ್ಲಿ ಎಂಟು ವರ್ಷದಿಂದ ಗುತ್ತಿಗೆ ಕೂಲಿ. ಅವನು ಆ ಮೂರು ದಿನವೂ ಒಂದು ಮಾತು ಆಡಿರಲಿಲ್ಲ.

ಕೋಣೆಯಲ್ಲಿ ತಣ್ಣಗಿತ್ತು. ನೆಲ ಹೊಳೆಯುತ್ತಿತ್ತು. ಅವಳು ಒಳಗೆ ಕಾಲಿಡುತ್ತಿದ್ದಂತೆ ಗುಮಾಸ್ತ, "ಅಲ್ಲೇ, ಅಲ್ಲೇ. ಈಗಷ್ಟೇ ಒರೆಸಿದ್ದಾರೆ," ಎಂದ. ಅವಳು ಬಾಗಿಲ ಬಳಿಯ ಕಾಲೊರಸಿನ ಮೇಲೆ ನಿಂತಳು. ಮೈದುನ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಬಾಗಿಲು ತೆರೆದೇ ಇತ್ತು. ಒಳಗೆ ಗಣಿ ಮ್ಯಾನೇಜರ್ ಮತ್ತು ಸುರಕ್ಷತೆಯ ಅಧಿಕಾರಿ. ಸುರಕ್ಷತೆಯ ಅಧಿಕಾರಿಯನ್ನು ಎಲ್ಲರೂ ಸೇಫ್ಟಿ ಸಾಹೇಬ ಎನ್ನುತ್ತಿದ್ದರು. ಅವನ ಬೆನ್ನ ಹಿಂದಿನ ಗೋಡೆಗೆ ಒಂದು ಹಲಗೆ: ಅಪಘಾತವಿಲ್ಲದೆ ಕಳೆದ ದಿನಗಳು, ಒಂಬೈನೂರ ಎಂಬತ್ತೊಂದು. ಚಿಕ್ಕವಳು ಸತ್ತ ದಿನ ಅದು ಒಂಬೈನೂರ ಎಪ್ಪತ್ತೆಂಟು ಇತ್ತು. ಸಾವಿರ ತುಂಬಿದರೆ ಗಣಿಗೆ ಪ್ರಶಸ್ತಿ ಎಂದು ಎಲ್ಲರಿಗೂ ಗೊತ್ತು. ದೊಡ್ಡವಳಿಗೆ ಅಕ್ಷರ ಬರುತ್ತಿರಲಿಲ್ಲ. ಅಂಕಿ ಬರುತ್ತಿತ್ತು.

ಗುಮಾಸ್ತ ಅವಳ ಹೆಸರಿನಲ್ಲಿ ಬರೆದಿಟ್ಟಿದ್ದ ಹೇಳಿಕೆಯನ್ನು ಓದಿದ. ಗಣಿಯ ಕೆಲಸಕ್ಕೆ ಸಂಬಂಧಪಡದ ಒಬ್ಬ ಮಹಿಳೆಯು ಅಪ್ಪಣೆಯಿಲ್ಲದೆ ನಿಷೇಧಿತ ಜಾಗಕ್ಕೆ ನುಗ್ಗಿ, ಕಲ್ಲಿದ್ದಲನ್ನು ಕದ್ದು ಚೀಲಕ್ಕೆ ತುಂಬಿಕೊಳ್ಳುತ್ತಿದ್ದಾಗ ಕಲ್ಲು ಉರುಳಿ ಮೃತಪಟ್ಟಿರುತ್ತಾಳೆ. ಶವದ ಪಕ್ಕದಲ್ಲಿ ಚೀಲ ದೊರೆತಿರುತ್ತದೆ. ಇದನ್ನು ಮೊದಲು ಕಂಡವಳು ನಾನೇ ಆಗಿರುತ್ತೇನೆ.

"ಇಲ್ಲಿ ಹೆಬ್ಬೆಟ್ಟು ಒತ್ತಮ್ಮ," ಎಂದು ಶಾಯಿಯ ಡಬ್ಬಿ ಮುಂದೆ ತಂದ.

"ಕೆಲಸಕ್ಕೆ ಸಂಬಂಧ ಇಲ್ಲದವಳು ಅಂದ್ರೆ? ಬೆಳಗ್ಗೆಯಿಂದ ಹನ್ನೊಂದು ಕುಳಿ ಜಡಿದಿದ್ದು ಯಾರು ಹಾಗಾದ್ರೆ, ದೆವ್ವಾನಾ?"

"ಆವತ್ತು ಅವಳ ಹಾಜರಿ ಇಲ್ಲಮ್ಮ."

"ನಮ್ಮ ಹಾಜರಿ ನೀವು ಸಂಜೆ ಹಾಕೋದು. ಸಂಜೆಗೆ ಅವಳು ಹೆಣ ಆಗಿದ್ಲು."

ಮ್ಯಾನೇಜರ್ ಕಿಟಕಿಯ ಕಡೆ ನೋಡಿದ. ಸೇಫ್ಟಿ ಸಾಹೇಬ ಮೃದುವಾಗಿ, "ನೋಡಮ್ಮಾ, ಚೀಲ ಸಿಕ್ಕಿದೆ," ಎಂದ.

"ಚೀಲ ಕಲ್ಲುಪುಡಿ ಹೊರೋದು, ನೀವೇ ಕೊಟ್ಟಿದ್ದು. ಸಾಹೇಬ್ರೇ, ಒಂದು ಕೇಳ್ತೀನಿ. ಆ ಗುಡ್ಡೇಲಿ ಇದ್ದಲು ಎಲ್ಲಿದೆ? ಕಸ ಅಂತ ತಾನೇ ನೀವು ಸುರಿಯೋದು? ಇದ್ದಲು ಇರೋ ಕಡೆ ಬಿಟ್ಟು ಕಲ್ಲು ಇರೋ ಕಡೆ ಕದಿಯೋಕೆ ಹೋಗೋಕೆ ಅವಳಿಗೆ ತಲೆ ಕೆಟ್ಟಿತ್ತಾ?"

"ಹಾಗಾದ್ರೆ ಅಲ್ಲಿ ಅವಳಿಗೇನು ಕೆಲಸ?" ಎಂದ ಸೇಫ್ಟಿ ಸಾಹೇಬ.

ಎಲ್ಲರಿಗೂ ಗೊತ್ತಿದ್ದ ಉತ್ತರ ಅದು. ಕೇಳಿದವನಿಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳಲಿಕ್ಕಿಲ್ಲ ಎಂದು ಅವನು ಲೆಕ್ಕ ಹಾಕಿದ್ದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಕಾಲೊರಸಿನ ಮೇಲೆ ನಿಂತ ಅವಳ ಪಾದಗಳು ತಣ್ಣಗಾದವು.

ಹೊರಗಿನಿಂದ ಮೈದುನ ಎದ್ದು ಬಂದು ಅವಳನ್ನು ಹೊರಗಿನ ಮೂಲೆಗೆ ಕರೆದ. ಮೂರು ದಿನದ ಮೇಲೆ ಆಡಿದ ಮೊದಲ ಮಾತು.

"ಅತ್ತಿಗೆ, ಹೇಳಬೇಡ."

"ಏನು ಹೇಳಬಾರದು?"

"ಹೇಗಿದ್ಲು ಅಂತ. ನಿನ್ನ ಕಾಲಿಗೆ ಬೀಳ್ತೀನಿ. ಕಳ್ಳಿ ಅಂದ್ರೆ ನಾಲ್ಕು ದಿನ ಅಂತಾರೆ, ಮರೀತಾರೆ. ಇದನ್ನ ಹೇಳಿದ್ರೆ ನಾನು ಸಾಯೋವರೆಗೂ ಟೈರ್ ಅಂಗಳದಲ್ಲಿ ನಗ್ತಾರೆ."

"ನೀನು ಸಹಿ ಹಾಕಿದ್ಯಾ?"

ಅವನು ನೆಲ ನೋಡಿದ. "ಖಾಯಂ ಮಾಡ್ತಾರಂತೆ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನು ಏಳು ವರ್ಷದ ಹುಡುಗನಾಗಿದ್ದಾಗ ಅವಳು ಆ ಮನೆಗೆ ಕಾಲಿಟ್ಟದ್ದು. ತಲೆ ಬಾಚಿದ್ದಳು, ಮೂಗು ಒರೆಸಿದ್ದಳು. ಬಾರಿಸಲಿಲ್ಲ. ತಿರುಗಿ ಕೋಣೆಗೆ ಹೋದಳು. ಈ ಸಲ ಕಾಲೊರಸಿನ ಮೇಲೆ ನಿಲ್ಲಲಿಲ್ಲ. ಹೊಳೆಯುವ ನೆಲದ ಮೇಲೆ ಹೆಜ್ಜೆ ಮೂಡಿಸಿಕೊಂಡು ಮೇಜಿನವರೆಗೆ ಹೋಗಿ ನಿಂತಳು.

"ಬರ್ಕೊಳ್ಳಿ. ಅವಳು ಉಚ್ಚೆ ಹೊಯ್ಯೋಕೆ ಹೋಗಿದ್ಲು. ಕುಕ್ಕರಗಾಲಲ್ಲಿ ಕೂತಿದ್ಲು. ಬಟ್ಟೆ ಸೊಂಟದವರೆಗೂ ಎತ್ತಿತ್ತು. ಕಲ್ಲು ಬೆನ್ನ ಮೇಲೆ ಬಿದ್ದು ಮುಖ ಅಡಿಯಾಗಿ ಬಿದ್ಲು. ತೊಡೆ ಮೇಲೆ ಒದ್ದೆ ಇತ್ತು. ನಾನೇ ಬಟ್ಟೆ ಕೆಳಗೆಳೆದೆ, ನಿಮ್ಮ ಗಂಡಸರು ನೋಡಬಾರದು ಅಂತ. ನಾನು ಎಳೆಯದೆ ಇದ್ದಿದ್ರೆ ಇವತ್ತು ನೀವು ಅವಳನ್ನ ಕಳ್ಳಿ ಅಂತ ಬರೆಯೋಕೆ ಆಗ್ತಿರಲಿಲ್ಲ. ಶಿಳ್ಳೆ ಇಬ್ಬರನ್ನ ಒಟ್ಟಿಗೆ ಬಿಡಲಿಲ್ಲ. ಮೇಲೆ ಸನ್ನೆ ಮಾಡೋನು ಇರಲಿಲ್ಲ. ಕೆಳಗೆ ಕಕ್ಕಸು ಇಲ್ಲ. ಬರ್ಕೊಳ್ಳಿ."

ಗುಮಾಸ್ತನ ಪೆನ್ನು ಕಾಗದದ ಮೇಲೆ ನಿಂತೇ ಇತ್ತು.

"ಸಾರ್, ಇದನ್ನ ಹೇಗೆ ಬರೀಲಿ?"

"ಬರೀಬೇಡ," ಎಂದ ಮ್ಯಾನೇಜರ್. "ಅಸಹ್ಯ."

ಅವಳ ಹೆಬ್ಬೆಟ್ಟಿಲ್ಲದೆಯೇ ಕಾಗದ ಮುಂದಕ್ಕೆ ಹೋಯಿತು. ಮೊದಲು ಕಂಡವನು ಶಿಳ್ಳೆ ಎಂದು ತಿದ್ದಿದರು. ಅವನು ಸಹಿ ಹಾಕಿದ.

ಮಾರನೆಯ ದಿನ ಅವಳು ಎಂದಿನಂತೆ ಕೆಲಸಕ್ಕೆ ಹೊರಟಳು. ಮನೆಯಲ್ಲಿ ಕೆಮ್ಮುತ್ತಾ ಮಲಗಿದ್ದ ಗಂಡ, "ಸುಮ್ನಿರ್ತೀಯಾ ತಾನೇ?" ಎಂದು ಕೇಳಿದ. ಹನ್ನೆರಡು ವರ್ಷ ಕೊರೆಯುವ ಯಂತ್ರದ ಪಕ್ಕ ನಿಂತು ಅವನ ಎದೆ ತುಂಬ ಪುಡಿ ಕೂತಿತ್ತು. "ಸುಮ್ನೇ ಇರ್ತೀನಿ ಕಣ್ರಿ," ಎಂದಳು. ನಿಜವಾಗಿಯೂ ಅವಳು ಏನನ್ನೂ ಯೋಚಿಸಿರಲಿಲ್ಲ. ಇಪ್ಪತ್ತು ಕುಳಿ ಜಡಿದಳು. ಒಂದೂವರೆಗೆ ಮೊದಲ ಸೈರನ್ ಕೂಗಿತು. ಎಲ್ಲರೂ ಕೋಲು ಚೀಲ ಎತ್ತಿಕೊಂಡು ಸಿಡಿಸುವಾಗ ಅಡಗಿ ಕೂರುವ ತಗಡಿನ ಮರೆಯ ಕಡೆ ಹೊರಟರು. ಅವಳು ಏಳಲಿಲ್ಲ. ಕಾಲುಗಳಿಗೆ ಏಳು ಎಂದು ಹೇಳಿದಳು. ಅವು ಏಳಲಿಲ್ಲ. ಆಮೇಲೆ ಅವಳೂ ಏಳುವುದು ಬೇಡ ಎಂದುಕೊಂಡಳು.

ನೂರನಲವತ್ತು ಕುಳಿಗಳ ನಟ್ಟನಡುವೆ, ತಾನೇ ಬಾಯಿ ಕಟ್ಟಿದ ಕುಳಿಯ ಮೇಲೆ ಅವಳು ಕೂತಿದ್ದಳು. ಒಂದು ಕುಳಿಯಿಂದ ಇನ್ನೊಂದಕ್ಕೆ ಹಳದಿ ಕೊಳವೆಗಳನ್ನು ಎಳೆದು ಜೋಡಿಸಿಯಾಗಿತ್ತು. ಅವುಗಳೊಳಗಿಂದಲೇ ಬೆಂಕಿ ಓಡುವುದು.

ಶಿಳ್ಳೆ ತಲೆ ಎಣಿಸಿದ. ಒಂದು ಕಡಿಮೆ. ಊದಿದ. ಮತ್ತೆ ಊದಿದ. ಕೊನೆಗೆ ಧ್ವನಿವರ್ಧಕದಲ್ಲಿ ಕೂಗಿದ: "ಏಯ್ ಹುಚ್ಚು ಮುಂಡೆ, ಎದ್ದು ಬಾ!"

"ಬರೆದುಕೊಂಡು ಬನ್ನಿ, ಏಳ್ತೀನಿ!"

ಒಬ್ಬ ಮನುಷ್ಯ ಅಲ್ಲಿ ಇರುವವರೆಗೆ ಸಿಡಿಸುವಂತಿಲ್ಲ. ಸಿಡಿಯದೆ ಮುಂದಿನ ಬಂಡೆ ಬರುವುದಿಲ್ಲ. ಎತ್ತುವ ಯಂತ್ರ ಬಾಯಿ ತೆರೆದುಕೊಂಡು ನಿಂತಿತು. ಒಂದರ ಹಿಂದೆ ಒಂದು ಹದಿನೇಳು ಡಂಪರು ನಿಂತವು. ಅಷ್ಟು ದೊಡ್ಡ ಗಣಿ ಸುಮ್ಮನಾದದ್ದನ್ನು ಅವಳು ಅಲ್ಲಿಗೆ ಬಂದಾಗಿನಿಂದ ನೋಡಿರಲಿಲ್ಲ. ಗಾಳಿಯ ಸದ್ದು ಕೇಳಿಸಿತು.

ಜೀಪುಗಳು ಇಳಿದು ಬಂದವು. ಕಾವಲಿನವರು ಒಳಗೆ ನುಗ್ಗಲು ಹೊರಟಾಗ ಶಿಳ್ಳೆಯೇ ಅಡ್ಡ ಬಂದ. "ಬೂಟಿನಲ್ಲಿ ಹೋಗಬೇಡಿ. ಜಗ್ಗಾಟದಲ್ಲಿ ಒಂದು ಕೊಳವೆ ಎಳೆದು ಹೋದ್ರೆ ನಮ್ಮದೂ ಕಥೆ ಮುಗೀತು."

ಕುಳಿ ಜಡಿಯುವ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬಳಿದ್ದಳು. ಪುಡಿ ನುಂಗಿ ನುಂಗಿ ದನಿ ಒಡೆದಿದ್ದರಿಂದ ಗೊಗ್ಗರಕ್ಕ ಎನ್ನುತ್ತಿದ್ದರು. ಅವಳು ತಗಡಿನ ಮರೆಯಿಂದ ಎದ್ದು, ಕೊಳವೆಗಳನ್ನು ಒಂದೊಂದಾಗಿ ದಾಟಿ ಬಂದು ದೊಡ್ಡವಳ ಪಕ್ಕ ಕೂತಳು. ಅವಳ ಹಿಂದೆ ಇನ್ನೊಬ್ಬಳು. ಮತ್ತೆ ಮೂವರು. ಆರು ಜನ ಆದರು. ದೊಡ್ಡವಳಿಗೆ ಅಳು ಬಂತು. ತಡೆದುಕೊಂಡಳು.

ಮ್ಯಾನೇಜರ್ ಧ್ವನಿವರ್ಧಕ ಕೈಗೆ ತೆಗೆದುಕೊಂಡ. ಬೈಯಲಿಲ್ಲ. "ಬಂಡೆ ಸಿಡಿಸದೆ ಇದ್ದಲು ಕತ್ತರಿಸೋ ಯಂತ್ರ ಬಂದಿದೆ. ಅದಕ್ಕೆ ಮದ್ದು ಬೇಡ, ಕುಳಿ ಬೇಡ, ನೀವೂ ಬೇಡ. ಮುಂದಿನ ವರ್ಷ ತರಿಸೋಣ ಅಂತಿದ್ದೆ. ಐದು ನಿಮಿಷದಲ್ಲಿ ಏಳದಿದ್ರೆ ಮುಂದಿನ ತಿಂಗಳೇ ತರಿಸ್ತೀನಿ."

ಮೊದಲು ಎದ್ದವಳು ಕಣ್ಣೊರೆಸಿಕೊಳ್ಳುತ್ತಾ ಹೋದಳು. ಮತ್ತೊಬ್ಬಳು. ಕೊನೆಗೆ ಗೊಗ್ಗರಕ್ಕ, "ನನಗೆ ಬೇರೆ ಏನೂ ಬರಲ್ಲ ಕಣೇ," ಎಂದು ಅವಳ ತಲೆ ಸವರಿ ಎದ್ದಳು. "ನೀವೆಲ್ಲ ಹೋಗಿ," ಎಂದಳು ದೊಡ್ಡವಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

ಮೂರು ಗಂಟೆಗೆ ಮೈದುನನನ್ನು ಕರೆತಂದರು. ಅವನು ಬೂಟು ಬಿಚ್ಚಿ ಬರಿಗಾಲಲ್ಲಿ ಬಂದ. ಕಾದ ಬಂಡೆಯ ಮೇಲೆ ಹೆಜ್ಜೆ ಇಡಲಾರದೆ ಇಡುತ್ತಿದ್ದ.

"ಅತ್ತಿಗೆ, ಎದ್ದೇಳು."

"ನಿನ್ನ ಹೆಂಡತಿ ಕಳ್ಳಿ ಅಲ್ಲ ಅಂತ ಇಲ್ಲಿಂದಲೇ ಕೂಗಿ ಹೇಳು. ಎದ್ದು ಬರ್ತೀನಿ."

ಅವನು ತಗಡಿನ ಮರೆಯ ಕಡೆ ನೋಡಿದ. ಟೈರ್ ಅಂಗಳದವರೂ ಅಲ್ಲಿ ಬಂದು ನಿಂತಿದ್ದರು. ಬಗ್ಗಿ ಅವಳನ್ನು ಮೂಟೆಯಂತೆ ಎತ್ತಿ ಹೆಗಲಿಗೆ ಹಾಕಿಕೊಂಡ. ಅವಳು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಒದ್ದಾಡಿದರೆ ಅವನ ಕಾಲು ತಪ್ಪುತ್ತದೆ. ಕಾಲು ತಪ್ಪಿದರೆ ಕೊಳವೆ. ಅವಳು ಕಟ್ಟಿಗೆಯಂತೆ ಬಿಗಿಯಾಗಿ ಮಲಗಿದಳು. ಅವನು ಒಂದೊಂದೇ ಹೆಜ್ಜೆ ನೋಡಿ ನೋಡಿ ಇಟ್ಟ. ಅವನ ಬೆನ್ನು ನಡುಗುತ್ತಿದ್ದುದು ಅವಳ ಹೊಟ್ಟೆಗೆ ತಿಳಿಯುತ್ತಿತ್ತು. ಕೊಳವೆಗಳನ್ನು ದಾಟುವವರೆಗೂ ಇಬ್ಬರೂ ಉಸಿರು ಬಿಡಲಿಲ್ಲ.

ಅವಳನ್ನು ಇಳಿಸಿದ ಕೂಡಲೇ ಕಾವಲಿನವರು ಕೈ ಹಿಡಿದರು. ಎರಡನೆಯ ಸೈರನ್. ಮೂರನೆಯದು. ಬಂಡೆ ಒಮ್ಮೆ ಉಬ್ಬಿ, ಬಿರಿದು, ಕೂತಿತು. ಕಲ್ಲು ಒಂದೂ ಹಾರಲಿಲ್ಲ. ಬಾಯಿ ಚೆನ್ನಾಗಿ ಕಟ್ಟಿದ್ದರು. ದೂಳು ಇಳಿಯುವ ಮೊದಲೇ ಎತ್ತುವ ಯಂತ್ರ ಕೆಲಸಕ್ಕೆ ತೊಡಗಿತು. ಸಂಜೆಯ ಹೊತ್ತಿಗೆ ಮೊದಲ ಡಂಪರು ಹೋಗಿ ಗುಡ್ಡೆಯ ಮೇಲೆ ಸುರಿಯಿತು. ಚಿಕ್ಕವಳು ಕೂತಿದ್ದ ಜಾಗ ಮೂರಾಳು ಮಣ್ಣಿನ ಅಡಿಗೆ ಹೋಯಿತು.

ಅವಳನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿ ಬಿಟ್ಟರು. ಕೆಲಸ ಹೋಯಿತು. ಸುತ್ತಲಿನ ಯಾವ ಗುತ್ತಿಗೆದಾರನೂ ಅವಳನ್ನು ಗೇಟಿನಿಂದ ಒಳಗೆ ಬಿಡಲಿಲ್ಲ. ಎರಡು ವಾರದ ಮೇಲಾಯಿತು. ಹಲಗೆಯ ಮೇಲೆ ಸಾವಿರ ಬಿದ್ದ ದಿನ ಗಣಿಯಲ್ಲಿ ಎಲ್ಲರಿಗೂ ಸಿಹಿ ಹಂಚಿದರೆಂದು ಗೊಗ್ಗರಕ್ಕ ಬಂದು ಹೇಳಿದಳು. ತನ್ನ ಪಾಲಿನದನ್ನು ಗುಡ್ಡೆಯ ಹಿಂದೆ ಎಸೆದೆ ಎಂದಳು. ಅದು ನಿಜವೋ, ಸಮಾಧಾನಕ್ಕೆ ಹೇಳಿದ್ದೋ, ದೊಡ್ಡವಳು ಕೇಳಲಿಲ್ಲ.

ಮೈದುನ ಈಗ ದೊಡ್ಡವಳ ಮನೆಯಲ್ಲೇ ಉಣ್ಣುತ್ತಿದ್ದ. ಆಚೆ ಮನೆಯ ಒಲೆ ಹೊತ್ತಿಸುವವರಿರಲಿಲ್ಲ. ಅವಳು ಬಡಿಸುವಳು, ಅವನು ಉಣ್ಣುವನು. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದವನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಕೇಳಿದ:

"ಅತ್ತಿಗೆ, ಅವಳಿಗೆ ತುಂಬ ನೋವಾಗಿತ್ತಾ?"

"ಆಫೀಸಿನಲ್ಲಿ ಎಲ್ಲ ಹೇಳಿದ್ದೆ. ನೀನು ಬಾಗಿಲಲ್ಲೇ ಇದ್ದೆ."

"ಕಿವಿ ಮುಚ್ಕೊಂಡಿದ್ದೆ."

ಅವಳು ಸೌಟು ಕೆಳಗಿಟ್ಟಳು. ಮೊದಲಿನಿಂದ ಹೇಳಿದಳು. ಶಿಳ್ಳೆ ಆಡಿದ ಮಾತು, ಯಂತ್ರದ ಮೇಲಿದ್ದವರ ನಗು, ಬಟ್ಟೆ ಎಲ್ಲಿಯವರೆಗೆ ಇತ್ತು, ಬೆನ್ನು ಎಲ್ಲಿ ಮುರಿದಿತ್ತು, ಕಣ್ಣು ತೆರೆದೇ ಇತ್ತು. ಒಂದನ್ನೂ ಬಿಡಲಿಲ್ಲ. ಒಳಕೋಣೆಯಲ್ಲಿ ಗಂಡನ ಕೆಮ್ಮು ನಿಂತಿತ್ತು. ಅವನೂ ಕೇಳುತ್ತಿದ್ದ. ಮೈದುನ ತಟ್ಟೆ ನೋಡುತ್ತಾ ಕೂತಿದ್ದ. ಆಮೇಲೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಬಿಟ್ಟ.

"ನಾಳೆಯಿಂದ ನನಗೆ ಬುತ್ತಿ ಕಟ್ಟಬೇಡ ಅತ್ತಿಗೆ," ಎಂದ. "ಖಾಯಂ ಕಾಗದ ಬಂತು. ಖಾಯಂ ಆದವರಿಗೆ ಮೇಲೆ ಕ್ಯಾಂಟೀನ್ ಇದೆ. ಕೈಕಾಲು ತೊಳೆಯೋಕೆ ನಲ್ಲಿ ಇದೆ, ಸೋಪು ಇಟ್ಟಿರ್ತಾರೆ. ಹಿಂದುಗಡೆ..."



"ಹೇಳು," ಎಂದಳು ದೊಡ್ಡವಳು. "ಹಿಂದುಗಡೆ ಏನಿದೆ?"

ಅವನು ತಟ್ಟೆಯಲ್ಲೇ ಕೈ ತೊಳೆದುಕೊಂಡ.

"ಬಾಯಿಬಿಟ್ಟು ಹೇಳು."

ಅವನು ತಟ್ಟೆ ಸರಿಸಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಆಚೆ ಮನೆಗೆ ಹೋಗಿ ಒಳಗಿನಿಂದ ಅಗುಳಿ ಹಾಕಿಕೊಂಡ.